ಅರವತ್ತು ದಿನ ಬೋಟು ದಡದಲ್ಲೇ ಇರಲಿ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ನಮ್ಮ ಮನೆ ಕಾರವಾರದ ಬೈತಖೋಲ ಬಂದರಿನ ಹತ್ತಿರ, ಅಪ್ಪ ಮೀನುಗಾರಿಕೆ ಬೋಟಿನಲ್ಲಿದ್ದಾರೆ. ತಮ್ಮ ಹೈಸ್ಕೂಲಿನಲ್ಲಿ ಕುಸ್ತಿ ಆಡುತ್ತಿದ್ದ. ಆಮೇಲೆ ಗೋವಾದ ಒಂದು ಜಿಮ್‌ನಲ್ಲಿ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್) ಕಲಿತು ವೃತ್ತಿಪರ ಫೈಟರ್ ಆದ. ಮೊದಲ ಐದು ಫೈಟ್ ಗೆದ್ದ. ಮೂರು ವಾರದ ಹಿಂದೆ ಆರನೆಯದರಲ್ಲಿ ನಾಕೌಟ್ ಆದ. ಅವತ್ತಿನಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡುವುದಿಲ್ಲ, ರೂಮಿನಲ್ಲಿ ಲೈಟ್ ಹಾಕಲೂ ಬಿಡುವುದಿಲ್ಲ. ಈಗ ಇನ್ನೊಂದು ಫೈಟಿಗೆ ಕರೆ ಬಂದಿದೆ. ಇನ್ನು ಐದು ವಾರಕ್ಕೆ, 61 ಕೆಜಿ ವಿಭಾಗದಲ್ಲಿ. ಅವನ ತೂಕ ಈಗ 71. ‘ಇದೊಂದು ಗೆದ್ದರೆ ಎಲ್ಲ ಸರಿಹೋಗುತ್ತದೆ’ ಅನ್ನುತ್ತಾನೆ. ಅಮ್ಮ ಎಲ್ಲ ಬಿಟ್ಟು ಅಪ್ಪನ ಜೊತೆ ಹೋಗು ಅನ್ನುತ್ತಾಳೆ. ಅವನ ಕರಿಯರ್ ಮುಗಿದೇ ಹೋಯಿತಾ? ನಾವೇನು ಮಾಡಬೇಕು?
— ಒಬ್ಬ ಅಕ್ಕ, ಕಾರವಾರ

ಉತ್ತರ:

ಮೊದಲು ಲೈಟಿನ ವಿಷಯ ಮಾತಾಡೋಣ. ಕರಿಯರ್ ಆಮೇಲೆ.

ನೀವು ಅದನ್ನು ಮಧ್ಯದಲ್ಲೆಲ್ಲೋ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಮಾತ್ರ ಅಲ್ಲೇ ನಿಂತೆ. ಸೋತ ಹುಡುಗ ಬಾಗಿಲು ಹಾಕಿಕೊಂಡು ಕೂರುವುದು ಸಹಜ. ನಾಚಿಕೆ, ಸಿಟ್ಟು, ಊರಿನವರ ಮಾತು, ಎಲ್ಲ ಇರುತ್ತದೆ. ಆದರೆ ನಾಚಿಕೆಯಾದವನಿಗೆ ಬೆಳಕು ಚುಚ್ಚುವುದಿಲ್ಲ. ನಾಕೌಟ್ ಆಗಿ ಮೂರು ವಾರವಾದರೂ ಬೆಳಕು ತಡೆಯಲು ಆಗುತ್ತಿಲ್ಲ, ಮಾತು ಬೇಡ, ಸುಮ್ನೆ ಸಿಡುಕು ಅಂದರೆ ನನಗೆ ಮೊದಲು ಬರುವ ಅನುಮಾನ ಮನಸ್ಸಿನದಲ್ಲ, ಮಿದುಳಿನದು. ಇದಕ್ಕೆ ಡಾಕ್ಟರುಗಳು ಕನ್‌ಕಷನ್ ಅನ್ನುತ್ತಾರೆ. ದವಡೆಗೆ ಪೆಟ್ಟು ಬಿದ್ದಾಗ ತಲೆ ಗಿರ್ರನೆ ತಿರುಗುತ್ತದೆ. ಬುರುಡೆಯ ಒಳಗೆ ನೀರಿನಲ್ಲಿ ತೇಲುವ ಹಾಗಿರುವ ಮಿದುಳು ಅದೇ ವೇಗದಲ್ಲಿ ತಿರುಗದೆ ಹಿಂಡಿದ ಹಾಗಾಗುತ್ತದೆ. ರಕ್ತಸ್ರಾವ ಇಲ್ಲದಿದ್ದರೆ ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣುವುದಿಲ್ಲ. ‘ಸ್ಕ್ಯಾನ್ ನಾರ್ಮಲ್, ಏನೂ ಇಲ್ಲ’ ಎಂದು ಅವನು ಹೇಳಿದರೆ ಅದನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ.

ಇವತ್ತು ಸಂಜೆ ಅವನಿಗೆ ಚಹಾ ಕೊಡುವಾಗ ಕೇಳಿ. ತಲೆನೋವು ಇದೆಯಾ? ಮೊಬೈಲ್ ನೋಡಿದರೆ ಜಾಸ್ತಿ ಆಗುತ್ತಾ? ರಾತ್ರಿ ನಿದ್ದೆ ಬರುತ್ತಾ, ಇಲ್ಲ ಹಗಲೆಲ್ಲ ನಿದ್ದೆಯಾ? ಎದ್ದು ನಿಂತರೆ ತಲೆ ತಿರುಗುತ್ತಾ? ಮಾತಿನ ನಡುವೆ ಪದ ಮರೆಯುತ್ತಾ? ಒಂದಕ್ಕೆ ಹೌದು ಅಂದರೂ ಈ ವಾರವೇ ನ್ಯೂರಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ನಮ್ಮ ಜಿಲ್ಲೆಯವರಿಗೆ ದಾರಿ ಹೇಳಬೇಕಾಗಿಲ್ಲ. ಮಣಿಪಾಲ, ಹುಬ್ಬಳ್ಳಿ, ಇಲ್ಲ ಗೋವಾದ ಬಾಂಬೋಳಿ ಆಸ್ಪತ್ರೆ. ನಿಮಗೆ ಬಾಂಬೋಳಿ ಹತ್ತಿರ. ವಾಂತಿ, ಏರುತ್ತಲೇ ಹೋಗುವ ತಲೆನೋವು, ತೊದಲು ಮಾತು, ಕೈಕಾಲಿಗೆ ಬಲ ಇಲ್ಲದಿರುವುದು, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ವಾರ ಕಾಯಬೇಡಿ. ಅದೇ ರಾತ್ರಿ ಹತ್ತಿರದ ಆಸ್ಪತ್ರೆಗೆ ಹೊರಡಿ.

ಈಗ ಐದು ವಾರದ ಲೆಕ್ಕ. ಅಮೆರಿಕದಲ್ಲಿ ಫೈಟ್‌ಗಳ ಮೇಲೆ ಕಣ್ಣಿಡುವ ಅಥ್ಲೆಟಿಕ್ ಕಮಿಷನ್‌ಗಳು ನಾಕೌಟ್ ಆದವನಿಗೆ ಸಾಮಾನ್ಯವಾಗಿ 60 ದಿನ ಫೈಟ್ ಮಾಡಲು ಬಿಡುವುದಿಲ್ಲ. ಅದರಲ್ಲಿ ಮೊದಲ 45 ದಿನ ಅಭ್ಯಾಸದಲ್ಲೂ ತಲೆಗೆ ಪೆಟ್ಟು ತಾಗುವಂತಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿದ್ದರೆ ಇನ್ನೂ ಹೆಚ್ಚು. ನಿಮ್ಮ ತಮ್ಮನಿಗೆ 21 ದಿನ ಆಗಿದೆ, ಫೈಟಿಗೆ ಇನ್ನು 35 ದಿನ. ಒಟ್ಟು 56. ನಾಲ್ಕು ದಿನ ಕಡಿಮೆ. ‘ನಾಲ್ಕೇ ದಿನ ತಾನೆ’ ಅನ್ನುತ್ತಾನೆ, ಗೊತ್ತು. ಆದರೆ ಸ್ಪಾರಿಂಗ್, ಅಂದರೆ ಅಭ್ಯಾಸದ ಗುದ್ದಾಟದ ಲೆಕ್ಕ ಹಾಕಿ. 45 ದಿನ ಮುಗಿಯುವ ಹೊತ್ತಿಗೆ ಫೈಟಿಗೆ ಉಳಿಯುವುದು 11 ದಿನ. ಅದರಲ್ಲಿ ಕೊನೆಯ ವಾರ ತೂಕ ಇಳಿಸುವುದರಲ್ಲೇ ಹೋಗುತ್ತದೆ. ಅಂದರೆ ಒಂದೋ ತಯಾರಿ ಇಲ್ಲದೆ ಕೇಜ್‌ಗೆ (ಜಾಲರಿ ಕಟ್ಟಿದ ಕಣಕ್ಕೆ) ಇಳಿಯಬೇಕು, ಇಲ್ಲವೋ ವಾಸಿಯಾಗದ ತಲೆಗೆ ಈಗಿನಿಂದಲೇ ಗುದ್ದಿಸಿಕೊಳ್ಳಬೇಕು. ಮೂರನೆಯ ದಾರಿ ಇಲ್ಲ. ಮೊದಲ ಪೆಟ್ಟು ವಾಸಿಯಾಗುವ ಮೊದಲು ಬಿದ್ದ ಎರಡನೆಯ ಪೆಟ್ಟು ಚಿಕ್ಕದಾಗಿದ್ದರೂ ಮಿದುಳು ಊದಿಕೊಂಡು ಜೀವಕ್ಕೇ ಕುತ್ತು ತರಬಹುದು. ಅಪರೂಪ, ಆದರೆ ಆಗುತ್ತದೆ.

ಇದನ್ನು ಮನೆಯಲ್ಲಿ ಹೇಗೆ ಹೇಳುವುದು? ನಿಮ್ಮ ಅಪ್ಪನ ಕೈಲಿ ಹೇಳಿಸಿ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ ಆಳಸಮುದ್ರದ ಮೀನುಗಾರಿಕೆ ನಿಷೇಧ. 61 ದಿನ. ಬೋಟೆಲ್ಲ ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ. ಆಗ ಯಾರಾದರೂ ನಿಮ್ಮ ಅಪ್ಪನನ್ನು ‘ನಿನ್ನ ಕಥೆ ಮುಗಿಯಿತಾ’ ಅಂತ ಕೇಳಿದ್ದುಂಟಾ? ಬಲೆ ಹೊಲಿಯುತ್ತಾರೆ, ಎಂಜಿನ್ ಬಿಚ್ಚುತ್ತಾರೆ, ಬಣ್ಣ ಬಳಿಯುತ್ತಾರೆ. ಮಗನ ತಲೆಗೂ ಹೆಚ್ಚುಕಡಿಮೆ ಅಷ್ಟೇ ದಿನ. ಒಂದು ದಿನ ಹೆಚ್ಚೇ ಇಟ್ಟುಕೊಳ್ಳಿ ಅನ್ನಿ.

ಇನ್ನು ಕರೆ ಕಳಿಸಿದವರ ಬಗ್ಗೆ. ನಾಕೌಟ್ ಆಗಿ ಮೂರೇ ವಾರವಾದ ಹುಡುಗನನ್ನು, ಈಗಿನದಕ್ಕಿಂತ ಹತ್ತು ಕೆಜಿ ಕೆಳಗಿನ ತೂಕಕ್ಕೆ, ಐದು ವಾರದ ನೋಟಿಸ್‌ನಲ್ಲಿ ಕರೆಯುವವರು ಅವನನ್ನು ಮೇಲಕ್ಕೆತ್ತಲು ಕರೆಯುತ್ತಿಲ್ಲ. ಅವರ ಹತ್ತಿರ ಇನ್ನೊಬ್ಬ ಹುಡುಗ ಇದ್ದಾನೆ. ಅವನನ್ನು ಬೆಳೆಸಬೇಕಾಗಿದೆ. ‘ಐದು ಗೆಲುವು, ಒಂದು ಸೋಲು’ ಎಂಬ ದಾಖಲೆ ಇರುವವನನ್ನು ಹೊಡೆದ ಅಂದರೆ ಪೋಸ್ಟರ್‌ನಲ್ಲಿ ಚಂದ ಕಾಣುತ್ತದೆ. ಜಾತ್ರೆ ಕುಸ್ತಿಯಲ್ಲೂ ಇದೇ ಇತ್ತು. ಜೋಡಿ ಹಾಕುವವನ ಕಣ್ಣು ಯಾರ ಮೇಲಿದೆ ಅಂತ ವಸ್ತಾದರು ಮೊದಲೇ ನೋಡುತ್ತಿದ್ದರು. ಇದರಲ್ಲಿ ಮೋಸ ಅಂತ ಏನಿಲ್ಲ, ಅದು ಅವರ ವ್ಯಾಪಾರ. ಆದರೆ ನಮ್ಮ ಹುಡುಗ ಅದರಲ್ಲಿ ಸರಕಾಗಬೇಕಾ ಎಂಬುದು ನಮಗೆ ಬಿಟ್ಟದ್ದು.

ತಮ್ಮ ನಿಮಗೆ ಮೈಕಲ್ ಬಿಸ್ಪಿಂಗ್ ಹೆಸರು ಹೇಳಬಹುದು. ಜಿಮ್‌ಗಳಲ್ಲಿ ಎಲ್ಲರೂ ಹೇಳುವ ಕಥೆ ಅದು. ಇಂಗ್ಲೆಂಡಿನ ಬಿಸ್ಪಿಂಗ್ 2016ರಲ್ಲಿ ಬರೀ 17 ದಿನದ ನೋಟಿಸ್‌ನಲ್ಲಿ ಹೋಗಿ, ಹಿಂದೆ ತನ್ನನ್ನು ಸೋಲಿಸಿದ್ದ ಲ್ಯೂಕ್ ರಾಕ್‌ಹೋಲ್ಡ್‌ನನ್ನು ಮೊದಲ ಸುತ್ತಿನಲ್ಲೇ ಬೀಳಿಸಿ ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ ಯುಎಫ್‌ಸಿಯ ಚಾಂಪಿಯನ್ ಆದ. ನಿಜ. ಆದರೆ ಕಥೆಯ ಉಳಿದರ್ಧವನ್ನೂ ಹೇಳಬೇಕಲ್ವಾ? 2013ರ ಒಂದು ಫೈಟ್ ಆದ ಮೇಲೆ ಅವನ ಬಲಗಣ್ಣಿನ ರೆಟಿನಾ ಕಿತ್ತುಬಂದಿತ್ತು. ಆ ಕಣ್ಣು ಸರಿಯಾಗಿ ಕಾಣದೆಯೇ ವರ್ಷಗಟ್ಟಲೆ ಆಡಿದ. 2017ರ ನವೆಂಬರ್ 4ರಂದು ನ್ಯೂಯಾರ್ಕ್‌ನಲ್ಲಿ ಜಾರ್ಜ್ ಸೇಂಟ್ ಪಿಯರ್ ಅವನನ್ನು ಗುದ್ದಿ ಕೆಡವಿ, ಕತ್ತು ಹಿಸುಕಿ ಪ್ರಜ್ಞೆ ತಪ್ಪಿಸಿ ಬೆಲ್ಟ್ ಕಿತ್ತುಕೊಂಡ. ಸರಿಯಾಗಿ ಮೂರು ವಾರಕ್ಕೆ, ನವೆಂಬರ್ 25ರಂದು, ಬೇರೊಬ್ಬನ ಬದಲಿಗೆ ಆಡಲು ಬಿಸ್ಪಿಂಗ್ ಶಾಂಘೈಗೆ ಹೋದ. ಮೊದಲ ಸುತ್ತಿನಲ್ಲೇ ನಾಕೌಟ್. ಅದೇ ಅವನ ಕೊನೆಯ ಫೈಟ್. ಈಗ ಬಲಗಣ್ಣಿನ ಜಾಗದಲ್ಲಿ ಕೃತಕ ಕಣ್ಣು. ತಮ್ಮನ ಮೂರು ವಾರಕ್ಕೂ ಆ ಮೂರು ವಾರಕ್ಕೂ ನಂಟಿದೆ ಅನ್ನಿಸಿದರೆ ಈ ಭಾಗವನ್ನು ಅವನಿಗೇ ಓದಲು ಕೊಡಿ.

ಅದೇ ಶಾಂಘೈ ಸಂಜೆ ನಮಗೂ ಸಂಬಂಧಪಟ್ಟದ್ದು. ಭಾರತದಿಂದ ಯುಎಫ್‌ಸಿಗೆ ಹೋದ ಮೊದಲ ಫೈಟರ್ ಭರತ್ ಕಂಡಾರೆ ತನ್ನ ಮೊದಲ ಫೈಟ್ ಆಡಿದ್ದು ಅಲ್ಲೇ. ಎದುರಿಗೆ ಚೀನಾದ ಸಾಂಗ್ ಯಾಡೊಂಗ್. ಮೊದಲ ಸುತ್ತಿನಲ್ಲೇ ಕತ್ತು ಹಿಸುಕುವ ಗಿಲೋಟಿನ್ ಪಟ್ಟಿಗೆ ಸಿಕ್ಕಿ ಸೋತರು. ಆ ಪಟ್ಟಿನ ಮಾತು ಮುಂದೆ ಬರುತ್ತದೆ.

ಈಗ ತೂಕ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಯಾಕೆಂದರೆ ಈ ಆಟದಲ್ಲಿ ಕರಿಯರ್ ಹಾಳಾಗುವುದು ಕೇಜ್ ಒಳಗಿಗಿಂತ ತಕ್ಕಡಿಯ ಮೇಲೇ ಜಾಸ್ತಿ ಅಂತ ನನ್ನ ಅನುಭವ.

ನಾನು ಹಳಿಯಾಳ ಕಡೆ ಗರಡಿಯಲ್ಲಿ ಬೆಳೆದವನು. 19ನೇ ವಯಸ್ಸಿನಲ್ಲಿ ಒಂದು ಪಂದ್ಯಕ್ಕೆ ಮಿತಿಗಿಂತ ಒಂದೂವರೆ ಕೆಜಿ ಜಾಸ್ತಿ ಇದ್ದೆ. ಎರಡು ದಿನ ಮುಂಚೆ ಶಿರಸಿ ಕಡೆಯ ಸೋದರಮಾವನ ಮನೆಗೆ ಹೋಗಿದ್ದೆ. ಆಲೆಮನೆ ನಡೆಯುತ್ತಿತ್ತು. ಮಳೆಗಾಲದ ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು, ತಲೆಗೆ ಕಂಬಳಿ ಕೊಪ್ಪೆ ಹೊದ್ದು, ಕೊಪ್ಪರಿಗೆಯ ಒಲೆಯ ಎದುರು ಕೂತೆ. ಎಲ್ಲರೂ ಕಬ್ಬಿನ ಹಾಲು ಕುಡಿಯುತ್ತಿದ್ದಾರೆ, ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದಾರೆ. ನಾನು ಒಂದು ತಂಬಿಗೆ ಪಕ್ಕದಲ್ಲಿಟ್ಟುಕೊಂಡು ಉಗುಳುತ್ತಿದ್ದೇನೆ. ಬಾಯಲ್ಲಿ ಎಂಜಲು ಬರಲಿ ಅಂತ ಒಂದು ಹುಣಸೆ ಬೀಜ ಇಟ್ಟುಕೊಂಡಿದ್ದೆ. ಒಂದು ಗಂಟೆ ಆದ ಮೇಲೆ ಬೆವರು ನಿಂತಿತು. ‘ನಿಂತಿತಲ್ಲ, ಇನ್ನೂ ಹತ್ತಿರ ಕೂರು’ ಅಂದ ಜೊತೆಗಿದ್ದವನು. ಎದ್ದೆ. ಎದ್ದದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಅತ್ತೆ ಮುಖಕ್ಕೆ ನೀರು ಹಾಕುತ್ತಿದ್ದಳು. ಮಾವ ಜೊತೆಗಿದ್ದವನಿಗೆ ಬಯ್ಯುತ್ತಿದ್ದ. ಬಿದ್ದದ್ದು ಒಲೆಯ ಕಡೆಗಲ್ಲ, ಕಬ್ಬಿನ ಸಿಪ್ಪೆಯ ರಾಶಿ ಕಡೆಗೆ. ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಬೆವರು ನಿಂತಿದ್ದು ಒಳ್ಳೆಯ ಲಕ್ಷಣ ಅಂದುಕೊಂಡಿದ್ದೆವು. ದೇಹ ತನ್ನನ್ನು ತಂಪು ಮಾಡಿಕೊಳ್ಳುವುದನ್ನೇ ಕೈಬಿಟ್ಟಿದೆ ಎಂಬುದರ ಸೂಚನೆ ಅದು.

ಫೈಟರ್‌ಗಳು ತೂಕ ಇಳಿಸುವುದು ಎರಡು ಹಂತದಲ್ಲಿ. ಮೊದಲ ಕೆಲವು ವಾರ ಊಟ ಹಿಡಿದು ಕೊಬ್ಬು ಕರಗಿಸುತ್ತಾರೆ. ಅದು ನ್ಯಾಯವಾದ ಇಳಿಕೆ. ಕೊನೆಯ ವಾರ ಇಳಿಸುವುದು ನೀರು. ಮೊದಲು ಅನ್ನ, ರೊಟ್ಟಿ, ಉಪ್ಪು ಕಡಿಮೆ ಮಾಡುತ್ತಾರೆ. ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜನ್‌ನ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಅದು ಖಾಲಿಯಾದ ಹಾಗೆ ನೀರೂ ಹೋಗುತ್ತದೆ. ಕೊನೆಯ ದಿನ ಬಿಸಿನೀರಿನ ಟಬ್, ಟವೆಲ್ ಸುತ್ತಿಕೊಂಡು ಮಲಗುವುದು, ಉಗುಳುವುದು. ತಕ್ಕಡಿ ಹತ್ತಿ ಇಳಿದ ಮೇಲೆ ಒಂದು ದಿನದಲ್ಲಿ ಎಲ್ಲ ವಾಪಸ್ ತುಂಬಿಸಿಕೊಳ್ಳುವ ಆತುರ.

ನಿಮ್ಮ ತಮ್ಮ 71ರಿಂದ 61.2ಕ್ಕೆ ಬರಬೇಕು. ಸುಮಾರು 10 ಕೆಜಿ, ಅಂದರೆ ಮೈತೂಕದ ನೂರಕ್ಕೆ ಹದಿನಾಲ್ಕು ಪಾಲು. ಐದು ವಾರ ಕಟ್ಟುನಿಟ್ಟಾಗಿ ಊಟ ಹಿಡಿದರೆ ನಾಲ್ಕು, ನಾಲ್ಕೂವರೆ ಕೆಜಿ ಇಳಿದೀತು. ಉಳಿದ ಐದೂವರೆ ನೀರಿನಲ್ಲೇ ಹೋಗಬೇಕು. ನೀರು ಕಡಿಮೆಯಾದರೆ ರಕ್ತ ಕಡಿಮೆ, ಹೃದಯಕ್ಕೆ ಕೆಲಸ ಜಾಸ್ತಿ, ಮೂತ್ರಪಿಂಡಕ್ಕೆ ಪೆಟ್ಟು. ಬಾಯಿಂದ ಕುಡಿದ ನೀರು ಒಂದು ದಿನದಲ್ಲಿ ಹೊಟ್ಟೆಗೆ, ರಕ್ತಕ್ಕೆ ಬಂದಷ್ಟು ಬೇಗ ಮೈಯ ಎಲ್ಲ ಭಾಗಕ್ಕೂ ತಲುಪುವುದಿಲ್ಲ. ಇದೆಲ್ಲ ಮೂರು ವಾರದ ಹಿಂದೆ ಅಲುಗಿದ ಮಿದುಳು ಇರುವವನಿಗೆ!

‘ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡರೆ ಆಯ್ತು’ ಅನ್ನುವವರು ನಮ್ಮಲ್ಲಿ ಬಹಳ ಜನ. ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಯಮದ ಪ್ರಕಾರ ಸರಿಯಾದ ವೈದ್ಯಕೀಯ ಕಾರಣ ಇಲ್ಲದೆ 12 ಗಂಟೆಯಲ್ಲಿ 100 ಮಿಲಿಗಿಂತ ಹೆಚ್ಚು ಡ್ರಿಪ್ ಹಾಕಿಸಿಕೊಳ್ಳುವಂತಿಲ್ಲ. ಒಂದು ಬಾಟಲಿ ಅಂದರೆ 500 ಮಿಲಿ. ಆ ನಿಯಮ ಪಾಲಿಸುವ ಸಂಸ್ಥೆಗೆ ಮುಂದೆಂದೋ ಹೋಗುವ ಆಸೆ ಇದ್ದರೆ ಈ ಚಟ ಈಗಲೇ ಬೇಡ.

ಕರಾವಳಿಯವರಿಗೆ ಇನ್ನೊಂದು ತೊಂದರೆ ಇದೆ. ಹಳಿಯಾಳದ ಒಣ ಗಾಳಿಯಲ್ಲಿ ಬೆವರು ಆರುತ್ತದೆ, ಮೈ ತಂಪಾಗುತ್ತದೆ. ಟ್ಯಾಗೋರ್ ಬೀಚಿನಲ್ಲಿ ಏಪ್ರಿಲ್ ಸಂಜೆ ಓಡಿ ನೋಡಿ. ಬೆವರು ಸುರಿಯುತ್ತದೆ, ಆರುವುದಿಲ್ಲ. ಅದರ ಮೇಲೆ ಪ್ಲಾಸ್ಟಿಕ್ ಸೂಟ್ ಹಾಕಿದರೆ ಮೈ ಕುದಿಯುತ್ತದೆ ಅಷ್ಟೇ. ಹಾಗೆ ಓಡುವ ಹುಡುಗರನ್ನು ಕಂಡರೆ ನಾನು ಗುರುತು ಪರಿಚಯ ಇಲ್ಲದಿದ್ದರೂ ನಿಲ್ಲಿಸಿ ಬಯ್ಯುತ್ತೇನೆ.

2015ರ ಡಿಸೆಂಬರ್‌ನಲ್ಲಿ ಚೀನಾದ ಯಾಂಗ್ ಜಿಯಾನ್‌ಬಿಂಗ್ ಎಂಬ ಫೈಟರ್ ಮನಿಲಾದಲ್ಲಿ ಹೀಗೆ ನೀರಿಳಿಸುವಾಗಲೇ ಸತ್ತ. 21 ವರ್ಷ. ಅವನಿಗೆ ಯಾರೂ ಒಂದು ಗುದ್ದೂ ಹೊಡೆದಿರಲಿಲ್ಲ. ಅದಾದ ಮೇಲೆ ಆ ಫೈಟ್ ಏರ್ಪಡಿಸಿದ್ದ ಒನ್ ಚಾಂಪಿಯನ್‌ಶಿಪ್ ಸಂಸ್ಥೆ ನೀರಿಳಿಸುವುದನ್ನೇ ನಿಷೇಧಿಸಿ, ಮೂತ್ರ ಪರೀಕ್ಷೆ ಮಾಡಿ ಮೈಯಲ್ಲಿ ನೀರಿದೆಯೇ ಎಂದು ನೋಡುವ ಪದ್ಧತಿ ತಂದಿತು. ಉಳಿದ ಹೆಚ್ಚಿನ ಕಡೆ ಹಳೆಯ ಪದ್ಧತಿಯೇ ಇದೆ.

ಜೀವಕ್ಕೆ ಏನೂ ಆಗದಿದ್ದರೂ ತಕ್ಕಡಿ ಎಷ್ಟು ನಿರ್ದಯಿ ಅಂತ ಚಾರ್ಲ್ಸ್ ಒಲಿವೇರನನ್ನು ಕೇಳಬೇಕು. ಬ್ರೆಜಿಲ್‌ನವನು. 2010ರಲ್ಲಿ ಯುಎಫ್‌ಸಿಗೆ ಬಂದ. 66 ಕೆಜಿ ವಿಭಾಗದಲ್ಲಿ ತೂಕ ತರಲಾಗದೆ ಪದೇ ಪದೇ ಮಾನ ಕಳೆದುಕೊಂಡ. ಗೆದ್ದ, ಸೋತ, ಗೆದ್ದ, ಸೋತ. ಮೇಲಿನ 70 ಕೆಜಿಗೆ ಹೋದ ಮೇಲೆ ಅವನ ಆಟ ಬಿಚ್ಚಿಕೊಂಡಿತು. 2021ರ ಮೇ ತಿಂಗಳಲ್ಲಿ ಚಾಂಪಿಯನ್ ಆದ. ಅಷ್ಟರಲ್ಲಿ ಎಂಟು ಸೋಲು ಕಂಡಿದ್ದ, ಯುಎಫ್‌ಸಿಗೆ ಬಂದು ಹನ್ನೊಂದನೇ ವರ್ಷ ನಡೆಯುತ್ತಿತ್ತು. ಒಂದು ವರ್ಷ ಕಳೆದು 2022ರ ಮೇ. ತಕ್ಕಡಿಯಲ್ಲಿ 155 ಪೌಂಡ್ ಬದಲು 155.5. ಜಾಸ್ತಿಯಾದದ್ದು 225 ಗ್ರಾಂ ಚಿಲ್ಲರೆ. ನಿಮ್ಮ ಮನೆಯ ಎರಡು ಬಂಗಡೆಯ ತೂಕ. ಮಾಮೂಲಿ ಫೈಟ್ ಆಗಿದ್ದರೆ ಒಂದು ಪೌಂಡ್ ರಿಯಾಯಿತಿ ಇರುತ್ತಿತ್ತು, ಪ್ರಶಸ್ತಿಯ ಫೈಟಿಗೆ ಅದಿಲ್ಲ. ಬೆಲ್ಟ್ ಅಲ್ಲೇ ಹೋಯಿತು. ಮರುದಿನ ಜಸ್ಟಿನ್ ಗೇಚಿಯನ್ನು ಮೊದಲ ಸುತ್ತಿನಲ್ಲೇ ಸೋಲಿಸಿದ. ಆದರೂ ಬೆಲ್ಟ್ ಇಲ್ಲ.

ಹಿಂದಿನ ಆರು ಫೈಟ್ ಯಾವ ತೂಕದಲ್ಲಿ ಆಡಿದ ಅಂತ ನೀವು ಬರೆದಿಲ್ಲ. ಯಾವುದೇ ಆಗಿರಲಿ, 71 ಕೆಜಿಯ ಹುಡುಗನ ಸಹಜ ಜಾಗ 65.8, ಅಂದರೆ ಫೆದರ್‌ವೇಟ್. ಎಂಟು ಹತ್ತು ವಾರ ಇದ್ದರೆ ಗಂಜಿ, ಮೀನು, ಸೊಪ್ಪು ತಿಂದುಕೊಂಡೇ ಅದರ ಹತ್ತಿರ ಬರಬಹುದು. ಕುಚಲಕ್ಕಿ ಗಂಜಿ ಬಿಡಬೇಕಾಗಿಲ್ಲ, ಬಟ್ಟಲು ಚಿಕ್ಕದಾಗಬೇಕು. ಪ್ರೋಟೀನ್ ಡಬ್ಬಕ್ಕೆ ಸುರಿಯುವ ದುಡ್ಡಿನಲ್ಲಿ ಬೈತಖೋಲದವರು ಎಷ್ಟು ಮೀನು ತಿನ್ನಬಹುದು!

‘ಕರಿಯರ್ ಮುಗಿಯಿತಾ’ ಎಂದು ಕೇಳಿದ್ದೀರಿ. ಒಂದು ನಾಕೌಟ್‌ಗೆ ಯಾರದ್ದೂ ಮುಗಿಯುವುದಿಲ್ಲ. ಅಮೆರಿಕದ ರಾಬಿ ಲಾಲರ್ 2002ರಲ್ಲಿ, 20ನೇ ವಯಸ್ಸಿಗೆ, ಯುಎಫ್‌ಸಿಗೆ ಬಂದ. ಎರಡೇ ವರ್ಷದಲ್ಲಿ ಹೊರಗೆ. ಎಂಟು ವರ್ಷಕ್ಕೂ ಹೆಚ್ಚು ಬೇರೆ ಬೇರೆ ಕಡೆ ಆಡಿಕೊಂಡಿದ್ದ. 2013ರಲ್ಲಿ ವಾಪಸ್ ಕರೆದರು, 2014ರ ಕೊನೆಗೆ ಚಾಂಪಿಯನ್. 2016ರಲ್ಲಿ ನಾಕೌಟ್ ಆಗಿ ಬೆಲ್ಟ್ ಕಳೆದುಕೊಂಡ, ಆಮೇಲೆ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. 2023ರಲ್ಲಿ ಕೊನೆಯ ಫೈಟ್ ಅಂತ ಮೊದಲೇ ಹೇಳಿ ಇಳಿದು 38 ಸೆಕೆಂಡಿನಲ್ಲಿ ಗೆದ್ದು ಗ್ಲೌಸ್ ಬಿಚ್ಚಿಟ್ಟ. ಇದರಲ್ಲಿ ಯಾವ ವರ್ಷ ನಿಂತು ‘ಮುಗಿಯಿತು’ ಅನ್ನುತ್ತೀರಿ?

ಹಾಗಂತ ಎಲ್ಲರ ಕಥೆಯೂ ಹೀಗಲ್ಲ. ಉತ್ತರಾಖಂಡದ ಅಂಶುಲ್ ಜುಬ್ಲಿ ಒಂದೂ ಸೋಲಿಲ್ಲದೆ ಬಂದು 2023ರ ಫೆಬ್ರುವರಿಯಲ್ಲಿ ಯುಎಫ್‌ಸಿಗೆ ಫೈಟರ್‌ಗಳನ್ನು ಆರಿಸುವ ‘ರೋಡ್ ಟು ಯುಎಫ್‌ಸಿ’ ಟೂರ್ನಿ ಗೆದ್ದಾಗ ನಮ್ಮ ಜಿಮ್‌ನಲ್ಲೂ ಪೇಡೆ ಹಂಚಿದ್ದೆವು. ಅದೇ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಮೂರನೇ ಸುತ್ತಿನಲ್ಲಿ ನಾಕೌಟ್ ಆದರು. ಮುಂದಿನ ಫೈಟ್ 2025ರ ಫೆಬ್ರುವರಿಯಲ್ಲಿ, ಸಿಡ್ನಿಯಲ್ಲಿ. 19 ಸೆಕೆಂಡಿನಲ್ಲಿ ಸೋಲು. ಎರಡು ಫೈಟ್ ನಡುವೆ ಹದಿನಾರು ತಿಂಗಳು, ಎಷ್ಟೋ ಸಾವಿರ ಗಂಟೆ ಬೆವರು, ಕೊನೆಗೆ 19 ಸೆಕೆಂಡ್. ಕುಸ್ತಿಯಲ್ಲಿ ಒಂದು ಸೀಸನ್‌ಗೆ ಹತ್ತಾರು ಜೋಡಿ ಸಿಗುತ್ತವೆ, ಭಾನುವಾರ ಸೋತರೆ ಮುಂದಿನ ಭಾನುವಾರ ಇನ್ನೊಂದು ಜಾತ್ರೆ. ಎಂಎಂಎಯಲ್ಲಿ ವರ್ಷಕ್ಕೆ ಎರಡು ಮೂರು ಫೈಟ್ ಸಿಕ್ಕರೆ ಪುಣ್ಯ. ಸೋಲನ್ನು ಆರೇಳು ತಿಂಗಳು ಹೊತ್ತುಕೊಂಡೇ ತಿರುಗಬೇಕು. ನಿಮ್ಮ ತಮ್ಮ ಐದು ವಾರದಲ್ಲಿ ಹೋಗುತ್ತೇನೆ ಅನ್ನುವುದು ಈ ಭಾರ ಇಳಿಸಲು. ಅದು ನನಗೆ ಅರ್ಥವಾಗುತ್ತದೆ.

ಭಾರ ಇಳಿಸಲು ಬೇರೆ ಕೆಲಸ ಕೊಡಿ. ಡಾಕ್ಟರ್ ಸರಿ ಅಂದ ಮೇಲೆ ಅವನು ಸೋತ ಫೈಟಿನ ವಿಡಿಯೋ ಕೋಚ್ ಜೊತೆ ಕೂತು ನೋಡಲಿ. ಈಗ ಬೇಡ, ಸ್ಕ್ರೀನ್ ತಲೆನೋವು ತರುತ್ತದೆ. ಕುಸ್ತಿಯಿಂದ ಬಂದವರಲ್ಲಿ ನಾನು ಎರಡು ಚಾಳಿ ನೋಡುತ್ತೇನೆ. ಒಂದು, ದೂರದಿಂದ ತಲೆ ತಗ್ಗಿಸಿ ನೇರ ಕಾಲಿಗೆ ನುಗ್ಗುವುದು. ಮಣ್ಣಿನಲ್ಲಿ ಅದು ನಡೆಯುತ್ತಿತ್ತು, ಅಲ್ಲಿ ಎದುರಿನವನು ಮೊಣಕಾಲಲ್ಲಿ ಗುದ್ದುವುದಿಲ್ಲ. ಇಲ್ಲಿ ಗುದ್ದುತ್ತಾನೆ. ಇಲ್ಲವೇ ಬಗ್ಗಿದ ಕತ್ತನ್ನು ಕಂಕುಳಲ್ಲಿ ಹಿಡಿದು ಹಿಸುಕುತ್ತಾನೆ. ಭರತ್ ಕಂಡಾರೆ ಸಿಕ್ಕಿಬಿದ್ದ ಗಿಲೋಟಿನ್ ಅಂದರೆ ಅದೇ. ಎರಡನೆಯದು ಇನ್ನೂ ಆಳದ ಚಾಳಿ. ಪೈಲ್ವಾನನಿಗೆ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಅದಕ್ಕೆ ಬೀಳುವಾಗಲೇ ಮೈ ತಾನಾಗಿ ಹೊಟ್ಟೆಯ ಮೇಲೆ ತಿರುಗುತ್ತದೆ. ಎಂಎಂಎಯಲ್ಲಿ ಹಾಗೆ ತಿರುಗಿದರೆ ಬೆನ್ನನ್ನು ಎದುರಾಳಿಗೆ ಕೊಟ್ಟ ಹಾಗೆ. ಅವನು ಮೇಲೆ ಹತ್ತಿ ಹಿಂದಿನಿಂದ ಕತ್ತು ಹಿಡಿಯುತ್ತಾನೆ. ಬೆನ್ನ ಮೇಲೆ ಮಲಗಿಯೇ ಗೆಲ್ಲಬಹುದು ಅಂತ ಬ್ರೆಜಿಲ್‌ನ ಹಾಯ್ಸ್ ಗ್ರೇಸಿ 1994ರ ನಾಲ್ಕನೇ ಯುಎಫ್‌ಸಿಯಲ್ಲೇ ಜಗತ್ತಿಗೆ ತೋರಿಸಿದ. ನಮ್ಮ ಹುಡುಗರ ತಲೆಗೆ ಅದು ಹೋಗಿದೆ, ಮೈಗೆ ಹೋಗಿಲ್ಲ. ಹತ್ತು ವರ್ಷ ವಸ್ತಾದರ ಬಯ್ಗುಳ ತಿಂದು ಕಲಿತದ್ದನ್ನು ಮೈ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಇಂಥದ್ದನ್ನು ತಿದ್ದಲು ತಲೆಗೆ ಪೆಟ್ಟೇ ಬೇಕಿಲ್ಲ. ನಿಧಾನವಾಗಿ ಮ್ಯಾಟ್ ಮೇಲೆ ಮಾಡಬಹುದು.

ಅವನ ಕೋಚ್‌ಗೂ ಒಂದು ಮಾತು ಕೇಳಿ: ವಾರಕ್ಕೆ ಎಷ್ಟು ಸಲ ಜೋರಾಗಿ ಸ್ಪಾರಿಂಗ್ ಮಾಡಿಸುತ್ತೀರಿ? ಫೈಟ್ ಅಂದರೆ ಐದು ನಿಮಿಷದ ಮೂರು ಸುತ್ತು. ತಯಾರಿಯ ಎಂಟು ವಾರದಲ್ಲಿ ತಲೆಗೆ ಬೀಳುವ ಪೆಟ್ಟು ಅದರ ಎಷ್ಟೋ ಪಟ್ಟು. ದಪ್ಪ ಗ್ಲೌಸ್ ಹಾಕಿದರೆ ಮುಖ ಒಡೆಯುವುದಿಲ್ಲ ಅಷ್ಟೇ, ಒಳಗೆ ಅಲುಗುವುದು ಅಲುಗಿಯೇ ಅಲುಗುತ್ತದೆ. ‘ದಿನಾ ಹೊಡೆಸಿಕೊಂಡರೆ ಗಟ್ಟಿಯಾಗುತ್ತಾನೆ’ ಎಂದು ಉತ್ತರ ಬಂದರೆ ಜಿಮ್ ಬದಲಿಸಿ.

ದುಡ್ಡಿನ ಮಾತು ನೀವು ಎತ್ತಿಲ್ಲ, ಆದರೆ ಅಮ್ಮನ ಮನಸ್ಸಿನಲ್ಲಿರುವುದು ಅದೇ ಇರಬೇಕು. ಈ ಆಟದ ಕೂಲಿ ಎರಡು ತುಂಡು. ಬಂದು ಆಡಿದ್ದಕ್ಕೆ ಒಂದಿಷ್ಟು, ಗೆದ್ದರೆ ಇನ್ನೊಂದಿಷ್ಟು. ಯುಎಫ್‌ಸಿಯಲ್ಲೂ ಹೊಸಬರಿಗೆ ಹಲವು ವರ್ಷ 10 ಸಾವಿರ ಡಾಲರ್ ಜೊತೆಗೆ ಗೆದ್ದರೆ ಇನ್ನೊಂದು 10 ಸಾವಿರ ಎಂಬ ಕರಾರು, ಆಮೇಲೆ ಅದು 12 ಮತ್ತು 12 ಆಯಿತು. ಅದರಲ್ಲಿ ತೆರಿಗೆ, ಮ್ಯಾನೇಜರ್, ಕೋಚ್. ಉತ್ತರ ಪ್ರದೇಶದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯರಾದರು. ಆ ಗೆಲುವು ಬಂದದ್ದು ಮೂವರು ತೀರ್ಪುಗಾರರಲ್ಲಿ ಇಬ್ಬರು ಅವರ ಕಡೆ, ಒಬ್ಬರು ಆ ಕಡೆ ಅಂತ. ಇಂಥ ಕರಾರಿನಲ್ಲಿ ಒಬ್ಬ ತೀರ್ಪುಗಾರನ ಪೆನ್ನು ಆಚೆ ಹೋದರೆ ಅರ್ಧ ಕೂಲಿಯೇ ಹೋಗುತ್ತದೆ. ಮುಂದಿನ ವರ್ಷ ಲಂಡನ್‌ನಲ್ಲಿ ಅವರು ಸೋತರು. ಇದು ಮೇಲಿನ ಮೆಟ್ಟಿಲಿನ ಕಥೆ. ನಮ್ಮ ದೇಶದ ಸಣ್ಣ ಶೋಗಳಲ್ಲಿ ಸಿಗುವುದು ತಯಾರಿಯ ಖುರಾಕಿಗೂ ಸಾಲದು ಅಂತ ನಿಮ್ಮ ತಮ್ಮನಿಗೇ ಗೊತ್ತಿರುತ್ತದೆ. ಮನೆಯ ಆರೋಗ್ಯ ವಿಮೆಯ ಕಾಗದವನ್ನೂ ತೆಗೆದು ಓದಿ. ವೃತ್ತಿಪರನಾಗಿ ಅಪಾಯದ ಕ್ರೀಡೆ ಆಡುವಾಗ ಆದ ಗಾಯಕ್ಕೆ ಹಣ ಕೊಡುವುದಿಲ್ಲ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ.

ಹಾಗಾಗಿ ಅಮ್ಮ ಹೇಳುವುದರಲ್ಲಿ ಅರ್ಧ ಸರಿ. ಆಟ ಬಿಡಬೇಕಾಗಿಲ್ಲ, ಆದರೆ ಆಟದಿಂದಲೇ ಅನ್ನ ಎಂಬ ಹಟ ಬಿಡಬೇಕು. ಫೈಟ್ ಇಲ್ಲದ ತಿಂಗಳು ದುಡ್ಡಿಲ್ಲ ಎಂದಾಗಲೇ ಹುಡುಗರು ಐದು ವಾರದ ಕರೆಗೆ ಹೂಂ ಅನ್ನುವುದು. ಬೆಳಿಗ್ಗೆ ಮಕ್ಕಳಿಗೆ ಕುಸ್ತಿ ಹೇಳಿಕೊಡಲಿ, ಇಲ್ಲ ಅಪ್ಪನ ಬೋಟಿನ ಲೆಕ್ಕ, ಐಸು, ಡೀಸೆಲ್ ನೋಡಿಕೊಳ್ಳಲಿ. ಕುಸ್ತಿಯ ಸರ್ಟಿಫಿಕೇಟ್‌ಗಳನ್ನು ಜೋಪಾನವಾಗಿ ಇಡಿ. ಪೊಲೀಸ್, ರೈಲ್ವೆ, ಸೇನೆಯ ಕ್ರೀಡಾ ಕೋಟಾದಲ್ಲಿ ಕುಸ್ತಿಗೆ ಇರುವ ಬೆಲೆ ಈ ಆಟಕ್ಕೆ ಇನ್ನೂ ಬಂದಿಲ್ಲ. 2026ರ ಐಚಿ-ನಗೋಯಾ ಏಷ್ಯನ್ ಗೇಮ್ಸ್ ಪಟ್ಟಿಯಲ್ಲಿ ಎಂಎಂಎ ಸೇರಿಸಿದ್ದಾರೆ, ಮುಂದೆ ಬದಲಾಗಬಹುದು.

ಒಂದು ಎಚ್ಚರಿಕೆ. ತಲೆ ಸುತ್ತುವುದು ಪೂರ್ತಿ ನಿಲ್ಲುವ ತನಕ ಅವನನ್ನು ಬೋಟ್ ಹತ್ತಿಸಬೇಡಿ. ಅಲೆಯ ಮೇಲೆ ಗಟ್ಟಿ ಇರುವವನಿಗೇ ತಲೆ ತಿರುಗುತ್ತದೆ. ಬಂದರಿನ ಮೇಲೆ ಕೂತು ಬಲೆ ಹೊಲಿಯಲಿ, ಅದೂ ಬಿಸಿಲು ಇಳಿದ ಮೇಲೆ.

ಕರೆ ಕಳಿಸಿದವರಿಗೆ ಉತ್ತರ ಇವತ್ತೇ ಹೋಗಲಿ. ಅವನು ಬರೆಯಲು ಹಿಂಜರಿದರೆ ಕೋಚ್ ಬರೆಯಲಿ. ‘ಡಾಕ್ಟರ್ ಸರಿ ಅಂದ ಮೇಲೆ, 66 ಕೆಜಿಯಲ್ಲಿ, ಹತ್ತು ವಾರ ಮುಂಚೆ ಹೇಳಿದರೆ ಆಡುತ್ತೇನೆ’ ಅಂತ ಇಷ್ಟು ಸಾಕು, ಕಾರಣ ವಿವರಿಸಬೇಕಾಗಿಲ್ಲ. ಮತ್ತೆ ಕರೆಯುವುದಿಲ್ಲ ಅಂತ ಹೆದರಿಸಿದರೆ ಹೆದರಬೇಡಿ. ಐದು ಫೈಟ್ ಗೆದ್ದ 66 ಕೆಜಿಯ ಹುಡುಗರು ಅವರಿಗೂ ಬೀದಿಯಲ್ಲಿ ಸಿಗುವುದಿಲ್ಲ.

ಬಾಂಬೋಳಿಯಲ್ಲಿ ಏನಂದರು ಅಂತ ನನಗೆ ಬರೆಯಿರಿ.